ಟೈಟಾನಿಯಮ್ಮಿಗೆ ಬೆಳಕಿನ ಕಲಾಯಿ

ಒಮ್ಮೆ ಕೂರಿಸಿದ ಕೃತಕ ಸೊಂಟದ ಕೀಲನ್ನು ಮತ್ತೆ ಬಿಚ್ಚಿ ನೋಡಬೇಕಾಗಿ ಬಂದಾಗ, 1980ರ ದಶಕದ ಮೂಳೆವೈದ್ಯರಿಗೆ ಕೆಲವು ರೋಗಿಗಳಲ್ಲಿ ಕಂಡದ್ದು ಕರಿಹಿಡಿದ ಮಾಂಸ. ಕೀಲಿನ ಸುತ್ತಲೂ ಇದ್ದಿಲ ಪುಡಿ ಮೆತ್ತಿದ ಹಾಗಿತ್ತು. ಸೋಂಕಿನ ಗುರುತಿಲ್ಲ, ಕೊಳೆತ ವಾಸನೆಯಿಲ್ಲ. ತೊಡೆಮೂಳೆಯ ತಲೆಗೆ ಬದಲಾಗಿ ಇಟ್ಟಿದ್ದ ಟೈಟಾನಿಯಂ ಗುಂಡು ಪ್ಲಾಸ್ಟಿಕ್ ಬಟ್ಟಲಿನೊಳಗೆ ದಿನಕ್ಕೆ ಸಾವಿರಾರು ಸಲ ಹೊರಳಿ ಹೊರಳಿ, ಸಾಣೆಕಲ್ಲಿನ ಮೇಲಿನ ಗಂಧದ ಕೊರಡಿನಂತೆ ತನ್ನನ್ನೇ ತೇಯ್ದುಕೊಂಡಿತ್ತು. ಮಾಂಸಕ್ಕೆ ಇಳಿದಿದ್ದ ಕಪ್ಪು ಆ ಲೋಹದ ಪುಡಿ.

ಸೋಜಿಗವೆಂದರೆ, ಅದೇ ರೋಗಿಯ ಅದೇ ಕೀಲಿನ ಇನ್ನೊಂದು ಭಾಗ, ಮೂಳೆಯ ಒಳಗೆ ಗೂಟದಂತೆ ಹೊಕ್ಕ ದಂಡ, ಅದೇ ಲೋಹದ್ದಾಗಿದ್ದರೂ ಏನೂ ಆಗದೆ ನಿಂತಿರುತ್ತಿತ್ತು. ರಕ್ತ, ಉಪ್ಪು ಯಾವುದೂ ಅದನ್ನು ಕೆಡಿಸಿರಲಿಲ್ಲ. ಮೂಳೆಯಂತೂ ಅದನ್ನು ತನ್ನದೇ ಎಂದು ತಬ್ಬಿಕೊಂಡಿತ್ತು. ವೈದ್ಯರು ಪಾಠ ಕಲಿತರು. ಇವತ್ತು ದಂಡ ಟೈಟಾನಿಯಮ್ಮಿನದಾದರೂ ಗುಂಡು ಕೋಬಾಲ್ಟ್-ಕ್ರೋಮಿಯಮ್ಮಿನದು ಇಲ್ಲವೇ ಸೆರಾಮಿಕ್ಕಿನದು. ಅಲುಗದೆ ಕೂತಿದ್ದರೆ ಚಿನ್ನದಂಥ ಲೋಹ. ಉಜ್ಜಾಟಕ್ಕೆ ಬಿಟ್ಟರೆ ಸೋತುಹೋಗುತ್ತದೆ.

ಈ ಸೋಲಿಗೂ ಆ ಗೆಲುವಿಗೂ ಬೇರು ಒಂದೇ ಎಂಬುದು ನನಗೆ ಈ ಲೋಹದ ಕಥೆಯಲ್ಲೇ ಅತ್ಯಂತ ರುಚಿಯ ಭಾಗ. ಟೈಟಾನಿಯಂ ವಿಪರೀತ ಹಸಿವಿನ ಲೋಹ. ಆಮ್ಲಜನಕ, ಸಾರಜನಕ, ಇಂಗಾಲ, ಬೋರಾನ್, ಯಾವುದು ಸಿಕ್ಕರೂ ತೆಕ್ಕೆಗೆ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಹೊಳೆಯ ಕರಿಮರಳಿನಲ್ಲಿ ಹೊಸದೊಂದು ಧಾತುವಿನ ಸುಳಿವು ಹಿಡಿದದ್ದು 1791ರಲ್ಲಿ. ಜರ್ಮನಿಯ ಕ್ಲಾಪ್ರೋತ್ 1795ರಲ್ಲಿ ಗ್ರೀಕ್ ಪುರಾಣದ ದೈತ್ಯರ ಹೆಸರಿಟ್ಟ. ಹೆಸರೇನೋ ಬಂತು, ಲೋಹ ಬರಲಿಲ್ಲ. ಅಮೆರಿಕದ ಮ್ಯಾಥ್ಯೂ ಹಂಟರ್ ಅದನ್ನು ಶುದ್ಧವಾಗಿ ಬೇರ್ಪಡಿಸುವ ಹೊತ್ತಿಗೆ 1910. ನೂರು ವರ್ಷಕ್ಕೂ ಮಿಕ್ಕಿ ಕಾಯಿಸಿದ್ದು ಆ ಹಸಿವೇ. ಕಬ್ಬಿಣದ ಅದಿರಿಗೆ ಇದ್ದಿಲು ಬೆರೆಸಿ ಊದಿದರೆ ಕಬ್ಬಿಣ ಇಳಿಯುತ್ತದೆ. ಟೈಟಾನಿಯಂ ಅದಿರಿಗೆ ಹಾಗೆ ಮಾಡಿದರೆ ಲೋಹ ಆಮ್ಲಜನಕವನ್ನು ಬಿಟ್ಟು ಇದ್ದಿಲಿನ ಇಂಗಾಲವನ್ನೇ ಹಿಡಿದುಕೊಂಡು ಕಾರ್ಬೈಡ್ ಎಂಬ ಗಡಸು ವಸ್ತುವಾಗಿ ಕೂರುತ್ತದೆ. ಈ ಕಾರ್ಬೈಡ್ ನೆನಪಿರಲಿ, ಲೇಖನದಲ್ಲಿ ಮುಂದೆ ಮತ್ತೆ ಬರುತ್ತದೆ.

ಕೊನೆಗೆ ದಾರಿ ತೋರಿಸಿದವರು ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್. ಅದಿರನ್ನು ಮೊದಲು ಕ್ಲೋರೈಡ್ ಮಾಡಿ, ಗಾಳಿಯ ಸೋಂಕಿಲ್ಲದ ಪಾತ್ರೆಯಲ್ಲಿ ಕರಗಿದ ಮೆಗ್ನೀಸಿಯಮ್ಮಿನ ಜೊತೆ ಕೂಡಿಸಿದರೆ ತೂತುತೂತಾದ ಟೈಟಾನಿಯಂ ಉಳಿಯುತ್ತದೆ. ನೋಡಲು ಸ್ಪಂಜಿನ ಹಾಗೆ, ಹೆಸರೂ ಅದೇ. ಕೇರಳದ ಕೊಲ್ಲಂ ಬಳಿಯ ಚವರದ ಕಡಲ ಮರಳಿನಲ್ಲಿ ಇದರ ಅದಿರು ಹೇರಳ. ಅಲ್ಲಿ 2011ರಿಂದ ಸ್ಪಂಜು ಕಾರ್ಖಾನೆಯೊಂದಿದೆ. ತಂತ್ರಜ್ಞಾನ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯದ್ದು, ದುಡ್ಡು ಹಾಕಿದ್ದು ಇಸ್ರೋ. ಇಸ್ರೋಗೆ ಈ ಲೋಹ ಯಾಕೆ ಬೇಕೆಂದು ಕೇಳಿದರೆ ಒಂದೇ ಅಂಕಿ ಸಾಕು: ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ, ನೂರಕ್ಕೆ ಆರು ಪಾಲು ಅಲ್ಯೂಮಿನಿಯಂ, ನಾಲ್ಕು ಪಾಲು ವೆನೇಡಿಯಂ ಬೆರೆತ ಟೈಟಾನಿಯಂ ಬರೀ 4.43 ಗ್ರಾಂ. ಶಕ್ತಿ ಮಾತ್ರ ಒಳ್ಳೆಯ ಉಕ್ಕಿನ ಸಮಕ್ಕೆ ನಿಲ್ಲುತ್ತದೆ. ಉಪಗ್ರಹದ ಇಂಧನ ತೊಟ್ಟಿಯಿಂದ ಹಿಡಿದು ವಿಮಾನ ಎಂಜಿನ್ನಿನ ಮುಂಭಾಗದ ರೆಕ್ಕೆಗಳವರೆಗೆ ಎಲ್ಲೆಡೆ ಇರುವುದು ಹೆಚ್ಚಾಗಿ ಇದೇ ಆರು-ನಾಲ್ಕರ ಬೆರಕೆ.

ಇನ್ನು ಸವೆತ. 1953ರಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಕೊಟ್ಟ ಸರಳ ಸೂತ್ರ ಇಂದಿಗೂ ಪಠ್ಯಗಳಲ್ಲಿದೆ: ಹೇರಿದ ಭಾರ ಹೆಚ್ಚಿದಷ್ಟೂ, ಜಾರಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು, ಗಡಸುತನ ಹೆಚ್ಚಿದಷ್ಟೂ ಕಡಿಮೆ. ಈ ಲೆಕ್ಕಕ್ಕೆ ಟೈಟಾನಿಯಂ ಮಿಶ್ರಲೋಹ ಸೋಲಬಾರದು. ವಿಕರ್ಸ್ ಅಳತೆಯಲ್ಲಿ ಅದರ ಗಡಸುತನ ಸುಮಾರು 350, ಸಾಧಾರಣ ಮೆದು ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೂ ಉಜ್ಜಿದಾಗ ಉಕ್ಕಿಗಿಂತ ಬೇಗ ಹಾಳಾಗುತ್ತದೆ. ಸೂತ್ರಕ್ಕೆ ಕಾಣದ ಒಂದು ಸಂಗತಿ ಇಲ್ಲಿದೆ.

ಗಾಳಿಗೆ ತೆರೆದುಕೊಂಡ ಕ್ಷಣವೇ ಟೈಟಾನಿಯಂ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್, ಕೂದಲೆಳೆಯನ್ನು ಹತ್ತು ಸಾವಿರ ಪಾಲು ಸೀಳಿದರೆ ಒಂದು ಪಾಲು ಎಷ್ಟೋ ಅಷ್ಟು. ಸಮುದ್ರದ ನೀರಿಗೂ ನಮ್ಮ ರಕ್ತಕ್ಕೂ ಜಗ್ಗದಂತೆ ಅದನ್ನು ಕಾಯುವುದು ಈ ಪೊರೆಯೇ. ಗೀರು ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಕಟ್ಟಿಕೊಳ್ಳುತ್ತದೆ. ಒತ್ತಿ ಉಜ್ಜುವಾಗ ಮಾತ್ರ ಈ ತೆಳು ಪೊರೆ ಹರಿಯುತ್ತದೆ, ಹಸಿದ ಲೋಹ ಎದುರಿನ ಲೋಹಕ್ಕೆ ನೇರವಾಗಿ ತಾಗುತ್ತದೆ, ತಾಗಿದ ಕಡೆ ಬೆಸೆದುಕೊಳ್ಳುತ್ತದೆ. ಮುಂದಿನ ಚಲನೆಗೆ ಆ ಬೆಸುಗೆ ಕಿತ್ತು ಬರುವಾಗ ಮೆದುವಾದ ಕಡೆಯಿಂದ ಒಂದು ಚೂರನ್ನು ಹರಿದುಕೊಂಡೇ ಬರುತ್ತದೆ. ಟೈಟಾನಿಯಂ ಬೋಲ್ಟಿಗೆ ಟೈಟಾನಿಯಂ ನಟ್ಟನ್ನು ಗ್ರೀಸಿಲ್ಲದೆ ತಿರುಗಿಸಿದವರಿಗೆ ಇದು ಕೈಯಲ್ಲೇ ಗೊತ್ತಾಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ಥ್ರೆಡ್ ‘ಕಚ್ಚಿಕೊಂಡಿತು’. ಇನ್ನು ಸ್ಪ್ಯಾನರ್ ಬೇಡ, ಗರಗಸವೇ ಗತಿ. ಹೀಗೆ ಉದುರಿದ ಪುಡಿಯೂ ಸುಮ್ಮನಿರುವುದಿಲ್ಲ, ಆಕ್ಸೈಡಾಗಿ ಗಡಸಾಗಿ ನಡುವೆ ಸಿಕ್ಕಿಕೊಂಡು ಅರ ಹಾಕಿದ ಹಾಗೆ ಎರಡೂ ಕಡೆ ಕೆರೆಯುತ್ತದೆ. ಅದರ ಮೇಲೆ ಶಾಖ. ಈ ಮಿಶ್ರಲೋಹ ಅಲ್ಯೂಮಿನಿಯಮ್ಮಿಗಿಂತ ಸುಮಾರು ಮೂವತ್ತು ಪಟ್ಟು ನಿಧಾನವಾಗಿ ಶಾಖ ಸಾಗಿಸುತ್ತದೆ. ಉಜ್ಜಿದ ಬಿಸಿ ಉಜ್ಜಿದ ಜಾಗದಲ್ಲೇ ಉಳಿದು ಲೋಹವನ್ನು ಇನ್ನಷ್ಟು ಮೆದು ಮಾಡುತ್ತದೆ.

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಹಾಗೆ ಗ್ರೀಸ್ ಹಚ್ಚಿದರಾಗದೇ? ಬೋಲ್ಟಿಗೆ ಆಗುತ್ತದೆ. ಎಂಜಿನ್ನಿನ ಬಿಸಿ ಭಾಗಕ್ಕೆ, ಬಾಹ್ಯಾಕಾಶದ ನಿರ್ವಾತಕ್ಕೆ, ಮರಳು ಹೊಡೆಯುವ ಗಾಳಿಗೆ ಆಗುವುದಿಲ್ಲ. ಹಾಗಾಗಿ ಮೈಗೆ ಇನ್ನೊಂದು ಮೈ ತೊಡಿಸುವ ಯೋಚನೆ ಬಂತು. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿನ್ನದ ಬಣ್ಣದ ಡ್ರಿಲ್ ಬಿಟ್ ನೋಡಿರುತ್ತೀರಿ. ಆ ಬಣ್ಣ ಟೈಟಾನಿಯಂ ನೈಟ್ರೈಡಿನದು, ದಪ್ಪ ಕೆಲವೇ ಮೈಕ್ರಾನ್. ಗಡಸು ಉಕ್ಕಿನ ಮೇಲೆ ಅದು ಸೊಗಸಾಗಿ ಬಾಳುತ್ತದೆ. ಟೈಟಾನಿಯಮ್ಮಿನ ಮೇಲೆ ಭಾರ ಬಿದ್ದರೆ ಅಡಿಯ ಲೋಹ ತಗ್ಗುತ್ತದೆ, ಮೇಲಿನ ಪದರಕ್ಕೆ ತಗ್ಗಲು ಬಾರದು. ಬೇಯಿಸಿದ ಮೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆಗೆ ಏನಾಗುತ್ತದೋ ಅದೇ ಗತಿ.

ಬೇಕಾದದ್ದು ದಪ್ಪವಾದ, ಬೇರೂರಿದ ಹೊದಿಕೆ. ಅದರ ಗಡಸುತನವೂ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಏರಬೇಕು. ಲೇಸರ್ ಬರುವುದು ಇಲ್ಲಿ.

ನಮ್ಮ ಊರುಗಳಲ್ಲಿ ಕಲಾಯಿಯವರು ಬರುತ್ತಿದ್ದ ಕಾಲವನ್ನು ಕಂಡವರಿಗೆ ಈ ತಂತ್ರದ ಅರ್ಧ ಆಗಲೇ ಗೊತ್ತು. ತಾಮ್ರದ ಹಂಡೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ಬುಸ್ಸೆಂದು ಬಿಳಿ ಹೊಗೆ ಏಳುವಾಗ ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಸರ್ರನೆ ಒರೆಸುವುದು. ನವಸಾಗರದ ಕೆಲಸ ತಾಮ್ರದ ಮೇಲಿನ ಆಕ್ಸೈಡನ್ನು ಕಿತ್ತು ಹಾಕಿ ಲೋಹಕ್ಕೆ ಲೋಹ ತಾಗುವಂತೆ ಮಾಡುವುದು. ಲೇಸರ್ ಹೊದಿಕೆಯಲ್ಲೂ ಅದೇ ಹಟ. ವ್ಯತ್ಯಾಸವಿಷ್ಟೇ: ಕಲಾಯಿಯಲ್ಲಿ ತವರ ಕರಗುತ್ತದೆ, ತಾಮ್ರ ಕರಗುವುದಿಲ್ಲ. ಇಲ್ಲಿ ಮೇಲಿನದೂ ಕರಗಬೇಕು, ಅಡಿಯದೂ ಒಂದು ತೆಳು ಪದರದಷ್ಟು ಕರಗಬೇಕು, ಎರಡೂ ಒಂದಾಗಿ ಹೆಪ್ಪುಗಟ್ಟಬೇಕು.

ಮೊದಲ ಲೇಸರನ್ನು ಥಿಯೊಡೋರ್ ಮೈಮನ್ ಬೆಳಗಿಸಿದ್ದು 1960ರ ಮೇ 16ರಂದು, ಮಾಣಿಕ್ಯದ ಹರಳಿನಿಂದ. ಲೋಹ ಕರಗಿಸುವ ತಾಕತ್ತು ಬಂದದ್ದು 1964ರ ಇಂಗಾಲದ ಡೈಆಕ್ಸೈಡ್ ಲೇಸರಿನಿಂದ. ಅದನ್ನು ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿದ್ದ ಕುಮಾರ್ ಪಟೇಲ್. ಲೇಸರಿನಿಂದ ಲೋಹಕ್ಕೆ ಹೊದಿಕೆ ಹಾಕುವ ವಿಧಾನಕ್ಕೆ 1976ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರ ಹೆಸರು ಜ್ಞಾನಮುತ್ತು. 1980ರ ದಶಕದ ಮೊದಲಲ್ಲೇ ರೋಲ್ಸ್-ರಾಯ್ಸ್ ತನ್ನ ಆರ್‌ಬಿ211 ಎಂಜಿನ್ನಿನ ಟರ್ಬೈನ್ ರೆಕ್ಕೆಗಳು ಒಂದಕ್ಕೊಂದು ಉಜ್ಜುವ ಕಡೆ ಹೀಗೆ ಗಡಸು ಲೋಹ ಹೊದಿಸತೊಡಗಿತು. ಆ ರೆಕ್ಕೆಗಳು ನಿಕಲ್ಲಿನವು, ಅಷ್ಟು ಹಟಮಾರಿಯಲ್ಲ. ಟೈಟಾನಿಯಮ್ಮನ್ನು ಒಲಿಸಿಕೊಳ್ಳುವುದು ಬೇರೆಯೇ ಕೆಲಸ.

ಯಂತ್ರದ ಮುಂದೆ ನಿಂತು ನೋಡಿದರೆ ಕೆಲಸ ಸರಳ. ಒಂದೆರಡು ಕಿಲೊವಾಟಿನ ಲೇಸರ್ ಕಿರಣ ಲೋಹದ ಮೇಲೆ ಬಿದ್ದಲ್ಲಿ ಹೆಸರುಕಾಳಿನಷ್ಟು ಅಗಲದ ಕರಗಿದ ಹೊಂಡ. ಅದರೊಳಕ್ಕೆ ನಳಿಕೆಯಿಂದ ನವುರಾದ ಪುಡಿ ಸುರಿಯುತ್ತದೆ. ಕಿರಣ ಸೆಕೆಂಡಿಗೆ ಐದರಿಂದ ಹದಿನೈದು ಮಿಲಿಮೀಟರ್ ಸರಿಯುತ್ತ ಹೋದಂತೆ ಹಿಂದೆ ಒಂದು ಏರು ಹೆಪ್ಪುಗಟ್ಟುತ್ತದೆ. ಮಂಗಳೂರು ಹೆಂಚಿನ ಸಾಲುಗಳಂತೆ ಒಂದರ ಅಂಚಿನ ಮೇಲೆ ಇನ್ನೊಂದು ಏರನ್ನು ಹತ್ತಿಸುತ್ತ ಹೋದರೆ ಅರ್ಧದಿಂದ ಎರಡು ಮಿಲಿಮೀಟರ್ ದಪ್ಪದ ಹೊದಿಕೆ. ಸುತ್ತಲೂ ಆರ್ಗಾನ್ ಅನಿಲದ ಕಾವಲು ಬೇಕೇ ಬೇಕು. ಇಲ್ಲಿ ನವಸಾಗರದ ಜಾಗದಲ್ಲಿರುವುದು ಆರ್ಗಾನ್. ಕಾವಲು ತಪ್ಪಿತೋ ಇಲ್ಲವೋ ಎಂಬುದನ್ನು ಬಣ್ಣವೇ ಹೇಳುತ್ತದೆ. ಬೆಳ್ಳಿಯ ಹೊಳಪಿದ್ದರೆ ಕ್ಷೇಮ, ತಿಳಿ ಹುಲ್ಲಿನ ಬಣ್ಣವಾದರೂ ಅಡ್ಡಿಯಿಲ್ಲ. ನೀಲಿಗೆ ತಿರುಗಿದರೆ ಗಾಳಿ ಹೊಕ್ಕಿದೆ ಎಂದರ್ಥ. ಬೂದಿಯಂತೆ ಬಿಳಿಚಿಕೊಂಡರೆ ಕೆರೆದು ಎಸೆಯುವುದೇ.

ಪುಡಿಯಲ್ಲಿ ಏನಿರಬೇಕು? ಕುತೂಹಲವೆಲ್ಲ ಇರುವುದು ಇದರಲ್ಲಿ. ಬರೀ ಸೆರಾಮಿಕ್ ಹೊದಿಸಿದರೆ ಪಿಂಗಾಣಿಯಂತೆ ಒಡೆಯುತ್ತದೆ. ಬರೀ ಲೋಹವಾದರೆ ಮತ್ತೆ ಸವೆಯುತ್ತದೆ. ಮನೆಯ ತಾರಸಿಗೆ ಕಾಂಕ್ರೀಟ್ ಹಾಕುವವರು ಜಲ್ಲಿ, ಸಿಮೆಂಟು ಎರಡನ್ನೂ ಬೆರೆಸುವ ಹಾಗೆ, ತಡೆದುಕೊಳ್ಳುವ ಲೋಹದ ನಡುವೆ ಗಡಸು ಕಣಗಳನ್ನು ಕೂರಿಸುವುದೇ ಸಂಯೋಜಿತ ಹೊದಿಕೆ. ಜಲ್ಲಿ ಉಜ್ಜಾಟ ತಡೆಯುತ್ತದೆ, ಗಾರೆ ಜಲ್ಲಿಯನ್ನು ಹಿಡಿದಿಡುತ್ತದೆ.

ಯಾವ ಜಲ್ಲಿ? ಗಡಸು ಎಂದ ಕೂಡಲೇ ನೆನಪಾಗುವುದು ಟಂಗ್‌ಸ್ಟನ್ ಕಾರ್ಬೈಡ್. ಆದರೆ ಅದರ ಸಾಂದ್ರತೆ 15.6, ಟೈಟಾನಿಯಮ್ಮಿನ ಮೂರೂವರೆ ಪಟ್ಟು. ಕರಗಿದ ಹೊಂಡದಲ್ಲಿ ಅದು ಕೆರೆಗೆ ಎಸೆದ ಕಲ್ಲಿನಂತೆ ತಳ ಸೇರುತ್ತದೆ, ಬೇಕಾದ ಮೇಲ್ಮೈ ಬರಿದಾಗಿ ಉಳಿಯುತ್ತದೆ. ಸಿಲಿಕಾನ್ ಕಾರ್ಬೈಡ್ ಹಗುರ, ಅಗ್ಗ, ಆದರೆ ಹಸಿದ ಲೋಹ ಅದನ್ನು ತಿಂದು ಪೆಡಸಾದ ಸಿಲಿಸೈಡ್ ಮಾಡಿಬಿಡುತ್ತದೆ. ಹೊರಗಿನಿಂದ ತಂದ ಯಾವ ಕಣವನ್ನೂ ಟೈಟಾನಿಯಂ ಸುಮ್ಮನೆ ಬಿಡುವುದಿಲ್ಲ.

ಹಾಗಿದ್ದರೆ ತಿನ್ನಲಿ ಬಿಡಿ ಎಂದು ಯಾರಿಗೋ ಹೊಳೆದದ್ದೇ ಈ ಕ್ಷೇತ್ರದ ಜಾಣ ತಿರುವು. ಟೈಟಾನಿಯಂ ಪುಡಿಯ ಜೊತೆ ಬೋರಾನ್ ಕಾರ್ಬೈಡ್ ಬೆರೆಸಿ ಸುರಿಯುತ್ತಾರೆ. ಹೊಂಡದೊಳಗೆ ಬೋರಾನ್ ಕಾರ್ಬೈಡಿನ ಒಂದು ಅಣುವನ್ನು ಐದು ಟೈಟಾನಿಯಂ ಪರಮಾಣುಗಳು ಮುತ್ತಿ ಹರಿದು ಹಂಚಿಕೊಳ್ಳುತ್ತವೆ: ನಾಲ್ಕು ಟೈಟಾನಿಯಂ ಬೋರೈಡ್, ಒಂದು ಟೈಟಾನಿಯಂ ಕಾರ್ಬೈಡ್. ಎರಡೂ ಗಡಸು. ಅದಿರಿನಿಂದ ಲೋಹ ತೆಗೆಯಲು ಹೊರಟವರಿಗೆ ನೂರು ವರ್ಷ ಅಡ್ಡಗಾಲು ಹಾಕಿದ ಅದೇ ಕಾರ್ಬೈಡ್ ಇಲ್ಲಿ ಬೇಕಾಗಿಯೇ ಕರೆಸಿಕೊಂಡ ನೆಂಟ. ಹೊರಗಿನಿಂದ ತಂದು ತುರುಕಿದ ಕಣಕ್ಕೂ ಲೋಹಕ್ಕೂ ನಡುವೆ ಬಿರುಕಿನ ಗೆರೆ ಉಳಿಯಬಹುದು. ಒಳಗೇ ಹುಟ್ಟಿ ಬೆಳೆದ ಕಣ ಲೋಹದ ಜೊತೆ ಬಿಗಿಯಾಗಿ ಹೆಣೆದುಕೊಂಡಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾರ್ಬೈಡ್ ಪುಟ್ಟ ಗಿಡಗಳಂತೆ ಕವಲೊಡೆದಿರುತ್ತದೆ, ಬೋರೈಡ್ ಸೂಜಿಗಳಂತೆ ಚಾಚಿರುತ್ತದೆ. ಗೋಡೆಯ ಮಣ್ಣಿಗೆ ಹುಲ್ಲು ಕಲಸಿದರೆ ಬಿರುಕು ಓಡದ ಹಾಗೆ, ಈ ಸೂಜಿಗಳು ಬಿರುಕಿಗೆ ಅಡ್ಡ ಬೀಳುತ್ತವೆ. ಬೋರೈಡಿಗೆ ಇನ್ನೊಂದು ಗುಣವಿದೆ. ಕಾದಾಗ ಅದು ಹಿಗ್ಗುವುದೂ ಆರಿದಾಗ ಕುಗ್ಗುವುದೂ ಹೆಚ್ಚುಕಡಿಮೆ ಟೈಟಾನಿಯಮ್ಮಿನಷ್ಟೇ. ಸಾಂದ್ರತೆಯೂ ಹತ್ತಿರ ಹತ್ತಿರ ಅಷ್ಟೇ, ಹಾಗಾಗಿ ಮುಳುಗುವುದಿಲ್ಲ. 350ರಷ್ಟಿದ್ದ ಗಡಸುತನ ಇಂಥ ಹೊದಿಕೆಯಲ್ಲಿ 800ರಿಂದ 1200ರವರೆಗೆ ಏರುತ್ತದೆ.

ಪುಡಿಯೇ ಬೇಡವೆನ್ನುವವರೂ ಇದ್ದಾರೆ. ಆರ್ಗಾನಿನ ಜೊತೆ ಸ್ವಲ್ಪ ಸಾರಜನಕ ಬಿಟ್ಟರೆ ಸಾಕು, ಕರಗಿದ ಮೈ ಅದನ್ನೇ ಹೀರಿ ಚಿನ್ನದ ಬಣ್ಣದ ನೈಟ್ರೈಡ್ ಕಟ್ಟುತ್ತದೆ. ನೋಡಲು ಚೆಂದ. ಸಾರಜನಕ ತುಸು ಹೆಚ್ಚಾದರೆ ಬರಗಾಲದ ಕೆರೆಯಂಗಳದಂತೆ ಸೀಳುತ್ತದೆ.

ಸೀಳು ಎಂದೆನಲ್ಲ, ಈ ವಿದ್ಯೆಯ ನಿಜವಾದ ತಲೆನೋವು ಅದೇ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದ್ದರೆ ಇದು ಸುಲಭವಾಗಿ ತಿಳಿಯುತ್ತದೆ. ಚಕ್ರಕ್ಕಿಂತ ತುಸು ಚಿಕ್ಕದಾದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಹಿಗ್ಗಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಸುರಿದರೆ ಪಟ್ಟಿ ಕುಗ್ಗುತ್ತ ಚಕ್ರವನ್ನು ಹಿಂಡುತ್ತದೆ, ಕೀಲುಗಳು ಕಿರಗುಟ್ಟುತ್ತವೆ. ಪಟ್ಟಿಗೆ ಇನ್ನೂ ಕುಗ್ಗಬೇಕು, ಚಕ್ರ ಬಿಡುವುದಿಲ್ಲ. ಹಾಗಾಗಿ ಅದು ಬಾಳಿಕೆ ಪೂರ್ತಿ ಎಳೆದ ಸ್ಥಿತಿಯಲ್ಲೇ ಇರುತ್ತದೆ. ಲೇಸರ್ ಹೊದಿಕೆಯದೂ ಇದೇ ಪಾಡು. ಕರಗಿದ ಪದರ ಸೆಕೆಂಡಿಗೆ ಸಾವಿರಾರು ಡಿಗ್ರಿಯ ವೇಗದಲ್ಲಿ ಆರುತ್ತ ಕುಗ್ಗಲು ಹೊರಟರೆ, ಅಡಿಯ ತಣ್ಣನೆಯ ಲೋಹ ಬಿಡುವುದಿಲ್ಲ. ಕಬ್ಬಿಣದ ಪಟ್ಟಿ ಆ ಎಳೆತವನ್ನು ತಡೆದುಕೊಳ್ಳುತ್ತದೆ. ಸೆರಾಮಿಕ್ ತುಂಬಿದ ಪದರಕ್ಕೆ ಆ ತಾಳ್ಮೆ ಇಲ್ಲ.

ಇದಕ್ಕೆ ಹಲವು ಮದ್ದುಗಳಿವೆ, ಯಾವುದೂ ರಾಮಬಾಣವಲ್ಲ. ಕೆಲಸದ ತುಂಡನ್ನು ಮೊದಲೇ ಕಾಯಿಸಿಟ್ಟುಕೊಂಡರೆ ಬಿಸಿ-ತಣಿವಿನ ಅಂತರ ತಗ್ಗುತ್ತದೆ. ಸೆರಾಮಿಕ್ಕಿನ ಪ್ರಮಾಣವನ್ನು ಮೊದಲ ಪದರದಲ್ಲಿ ಕಡಿಮೆ, ಮೇಲಿನದರಲ್ಲಿ ಹೆಚ್ಚು ಮಾಡುತ್ತ ಹೋದರೆ ಎಳೆತ ಹಂಚಿಹೋಗುತ್ತದೆ. ಚಿಟಿಕೆಯಷ್ಟು ಲ್ಯಾಂಥನಮ್ ಅಥವಾ ಇಟ್ರಿಯಮ್ ಆಕ್ಸೈಡ್ ಸೇರಿಸಿದರೆ ಹರಳುಗಳು ಸಣ್ಣದಾಗಿ ಕಟ್ಟುತ್ತವೆ. ಕೊನೆಯ ಮದ್ದು ಆಸೆ ಕಡಿಮೆ ಮಾಡುವುದು: 1200 ಬೇಡ, 800ಕ್ಕೆ ನಿಲ್ಲಿಸು. ನನಗೆ ಎಲ್ಲಕ್ಕಿಂತ ಬುದ್ಧಿವಂತ ಅನ್ನಿಸುವುದು ಇದೇ, ಆದರೆ ಸಂಶೋಧನಾ ಪ್ರಬಂಧದಲ್ಲಿ ದೊಡ್ಡ ಅಂಕಿಗೆ ಇರುವ ಬೆಲೆ ಚಿಕ್ಕ ಅಂಕಿಗೆ ಇರುವುದಿಲ್ಲ.

ಹೊದಿಕೆಯೊಳಗೇ ಕೀಲೆಣ್ಣೆ ತುಂಬಿಡುವ ಪ್ರಯತ್ನವೂ ನಡೆದಿದೆ. ಷಟ್ಕೋನ ರೂಪದ ಬೋರಾನ್ ನೈಟ್ರೈಡ್ ಟಾಲ್ಕಂ ಪುಡಿಯಂತೆ ನುಣುಪು, ಸವೆದಷ್ಟೂ ಜಾರಿಕೆ ಕೊಡುತ್ತದೆ. ಹಾಗೇ ಸುರಿದರೆ ಟೈಟಾನಿಯಂ ಅದನ್ನೂ ಒಡೆದು ನೈಟ್ರೈಡ್, ಬೋರೈಡ್ ಮಾಡಿ ನುಂಗುತ್ತದೆ. ಅದಕ್ಕೆ ಪ್ರತಿ ಕಣಕ್ಕೂ ನಿಕಲ್ಲಿನ ಕವಚ ತೊಡಿಸಿ ಹೊಂಡಕ್ಕೆ ಇಳಿಸುತ್ತಾರೆ. ಮಾಲಿಬ್ಡಿನಮ್ ಡೈಸಲ್ಫೈಡಿನ ಪಾಡೂ ಹೆಚ್ಚು ಬೇರೆಯಲ್ಲ. ಅದು ಒಡೆದಾಗ ಹುಟ್ಟುವ ಟೈಟಾನಿಯಂ ಸಲ್ಫೈಡಿಗೂ ಒಂದಿಷ್ಟು ಜಾರುವ ಗುಣ ಇರುವುದೊಂದು ಅದೃಷ್ಟ.

ಈ ಹೊದಿಕೆಗಳು ಸವೆತವನ್ನು ಇಷ್ಟು ಪಟ್ಟು, ಅಷ್ಟು ಪಟ್ಟು ಇಳಿಸಿದವೆಂಬ ವರದಿಗಳನ್ನು ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಪರೀಕ್ಷೆಯಲ್ಲಿ ಎದುರು ಉಜ್ಜಿದ್ದು ಯಾವ ವಸ್ತು, ಎಷ್ಟು ಭಾರದಲ್ಲಿ? ಆ ಎದುರಿನದಕ್ಕೆ ಏನಾಯಿತು? ಗಡಸು ಕಣಗಳು ತಾವು ಉಳಿದು ಜೊತೆಗಾರನನ್ನು ಕೆರೆದು ಮುಗಿಸಿದರೆ ಯಂತ್ರಕ್ಕೇನು ಲಾಭ? ಸೊಂಟದ ಕೀಲಿಗೆ ಈ ಹೊದಿಕೆ ಹಾಕಿ, ಒಂದು ಕಣ ಎದ್ದು ನಿಂತರೂ ಪ್ಲಾಸ್ಟಿಕ್ ಬಟ್ಟಲು ಉಳಿಯದು. ಅಲ್ಲಿ ನುಣ್ಣನೆಯ ಸೆರಾಮಿಕ್ ಗುಂಡೇ ಸರಿ. ಮೂರನೆಯದು ಮುಖ್ಯ: ಆಯಾಸದ ಬಲ, ಅಂದರೆ ಮತ್ತೆ ಮತ್ತೆ ಬಾಗಿದರೂ ಮುರಿಯದೆ ತಾಳುವ ಶಕ್ತಿ, ಎಷ್ಟು ಇಳಿಯಿತು? ಲಕ್ಷಾಂತರ ಸಲ ಬಾಗಿ ಏಳುವ ರೆಕ್ಕೆಯಲ್ಲಿ ಕೂದಲೆಳೆಯ ಬಿರುಕು ಮೇಲ್ಮೈಯಲ್ಲಿದ್ದರೆ ಸಾಕು, ಒಳಕ್ಕೆ ಬೆಳೆಯುತ್ತದೆ. ಸವೆತಕ್ಕೆ ಕೊಟ್ಟ ಮದ್ದೇ ಮುರಿತಕ್ಕೆ ಬೀಜವಾಗಬಹುದು. ಎಂಜಿನ್ನಿನ ತಿರುಗುವ ಭಾಗಗಳಲ್ಲಿ ಹೆಚ್ಚು ಒತ್ತಡ ಬೀಳುವ ಕಡೆ ಇಂಥ ಹೊದಿಕೆಗೆ ಅನುಮತಿ ಸುಲಭಕ್ಕೆ ಸಿಗದಿರುವುದು ಇದೇ ಕಾರಣಕ್ಕೆ.

ಇಷ್ಟಾದರೂ ಈ ಕೆಲಸ ಬಿಡುವಂಥದ್ದಲ್ಲ. ಟೈಟಾನಿಯಂ ದುಬಾರಿ, ಅದನ್ನು ಕಡೆಯುವುದು ಇನ್ನೂ ದುಬಾರಿ. ತಿಂಗಳುಗಟ್ಟಲೆ ಕೆಲಸ ಹಿಡಿದ ಭಾಗವೊಂದು ಒಂದು ಮೂಲೆಯಲ್ಲಿ ಅರ್ಧ ಮಿಲಿಮೀಟರ್ ಸವೆದದ್ದಕ್ಕೆ ಗುಜರಿಗೆ ಹೋಗಬೇಕೇ? ಸವೆದ ಕುಳವನ್ನು ಕಮ್ಮಾರನ ಬಳಿ ಒಯ್ದು ಉಕ್ಕು ಕೂಡಿಸಿ ತಟ್ಟಿಸುತ್ತಿದ್ದ ರೈತ ಹಾಗೆ ಎಸೆಯುತ್ತಿರಲಿಲ್ಲ. ಸವೆದಲ್ಲಿಗಷ್ಟೇ ಕಿರಣ ಬಿಟ್ಟು, ಅಲ್ಲಿಗಷ್ಟೇ ಪುಡಿ ಸುರಿದು, ಸುತ್ತಲ ಲೋಹ ಬಿಸಿಯಾಗಿ ಸೊಟ್ಟಗಾಗುವ ಮೊದಲೇ ಮುಗಿಸಬಲ್ಲದ್ದು ಲೇಸರ್.

ಹೊದಿಕೆ ಹಾಕಿ ಕಿರಣ ಆರಿಸಿದ ಮೇಲೆ ಕೆಲಸಗಾರರು ಸುಮ್ಮನೆ ನಿಂತು ಕಿವಿಗೊಡುವುದಿದೆ. ಲೋಹ ಆರುತ್ತ ಬಂದಂತೆ ‘ಟಿಕ್’ ಎಂಬ ಸಣ್ಣ ಸದ್ದು ಬಂದರೆ ಒಂದು ಬಿರುಕು ಬಿತ್ತು. ಸದ್ದು ಬಾರದಿದ್ದರೂ ನಂಬುವ ಹಾಗಿಲ್ಲ. ತುಂಡಿನ ಮೇಲೆ ಕೆಂಪು ದ್ರವ ಸವರಿ, ಅದು ಇಳಿಯಲೆಂದು ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಬಿಳಿ ಪುಡಿಯ ತೆಳು ಲೇಪ ಸಿಂಪಡಿಸುತ್ತಾರೆ. ಆಮೇಲೆ ಕಾಯುವುದು. ಬಿರುಕಿದ್ದರೆ ಒಳಗೆ ಅವಿತ ಕೆಂಪು ಮೆಲ್ಲಗೆ ಹೊರಕ್ಕೆ ಜಿನುಗಿ, ಬಿಳಿಯ ಮೇಲೆ ಕುಂಕುಮದ ಎಳೆಯಂತೆ ಮೂಡತೊಡಗುತ್ತದೆ.